ಆ ಮಾತ್ರೆಯ ಹಿಂದಿನ ಇಪ್ಪತ್ತು ವರ್ಷ

ಸಂಪಾದಕರೇ,

ಕ್ಯಾನ್ಸರ್‌ಗೆ ಹೊಸ ಔಷಧಿ ಬಂದರೆ ಅದೇ ದೊಡ್ಡ ಸುದ್ದಿ. ಅದರ ಹಿಂದಿನ ವರ್ಷಗಳ ದುಡಿಮೆ ಬಗ್ಗೆ ಬರೆಯುವವರು ಕಡಿಮೆ.

ಬೆಲ್ಜುಟಿಫಾನ್ ಎಂಬ ಕಿಡ್ನಿ ಕ್ಯಾನ್ಸರ್ ಮಾತ್ರೆಗೆ ದಾರಿ ಮಾಡಿಕೊಟ್ಟ ಅಮೆರಿಕದ ವೈದ್ಯ ವಿಲಿಯಂ ಕೇಲಿನ್ ಅವರನ್ನೇ ನೋಡಿ. ವಿಎಚ್‌ಎಲ್ ಎಂಬ ಜೀನ್ ಕೆಟ್ಟರೆ ಕಿಡ್ನಿಯಲ್ಲಿ ಗಡ್ಡೆ ಏಕೆ ಬೆಳೆಯುತ್ತದೆ ಎಂದು ಅವರು ಹುಡುಕುತ್ತಾ ಹೋದರು. ಆಮ್ಲಜನಕ ಸಾಕಷ್ಟಿದ್ದಾಗ ಎಚ್‌ಐಎಫ್ ಎಂಬ ಪ್ರೋಟೀನ್ ಜೀವಕೋಶದಲ್ಲಿ ಉಳಿಯದಂತೆ ಈ ಜೀನ್ ನೋಡಿಕೊಳ್ಳುತ್ತದೆ. ಜೀನ್ ಕೆಟ್ಟರೆ ಆ ಪ್ರೋಟೀನ್ ರಾಶಿ ಬೀಳುತ್ತದೆ. ಆಗ ಜೀವಕೋಶ ಉಸಿರು ಕಟ್ಟಿದ ಹಾಗೆ ವರ್ತಿಸುತ್ತದೆ, ಹೊಸ ರಕ್ತನಾಳ ಬೆಳೆಯಲು ಸೂಚನೆ ಕಳಿಸುತ್ತದೆ. ಗಡ್ಡೆಗೆ ಬೇಕಾದ್ದು ಅದೇ ಅಲ್ವಾ?

ಆಮ್ಲಜನಕದ ಈ ಗುಟ್ಟನ್ನು ಅವರ ತಂಡ 2001ರಲ್ಲಿ ಪ್ರಕಟಿಸಿತು. 2019ರಲ್ಲಿ ವಿಜ್ಞಾನಿಗಳಾದ ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಜೊತೆ ಅವರಿಗೆ ನೊಬೆಲ್ ಬಂತು. ಆ ಎಚ್‌ಐಎಫ್ ಪ್ರೋಟೀನಿನ ಒಂದು ಬಗೆಯಾದ ಎಚ್‌ಐಎಫ್-2 ಅನ್ನು ತಡೆಯುವ ಬೆಲ್ಜುಟಿಫಾನ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ, ಮೊದಲು ವಂಶಪಾರಂಪರ್ಯವಾಗಿ ಬರುವ ವಿಎಚ್‌ಎಲ್ ಕಾಯಿಲೆ ಇರುವವರಿಗೆ. ಮುಂದುವರಿದ ಕಿಡ್ನಿ ಕ್ಯಾನ್ಸರ್‌ಗೆ 2023ರಲ್ಲಿ.

ಇದು ಪೂರ್ತಿ ಗುಣಪಡಿಸುವ ಮದ್ದಲ್ಲ, ಎಲ್ಲರಿಗೂ ಹಿಡಿಸುವುದೂ ಇಲ್ಲ. ಆದರೂ ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಳಲುವ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ. ಇಂಥ ಸಂಶೋಧನೆ ನಡೆದು ಬಂದ ದಾರಿಯನ್ನು ದಯವಿಟ್ಟು ಜಾಸ್ತಿ ಬರೆಯಿರಿ.

– ಒಬ್ಬ ಓದುಗ