ಕ್ಲಿಪ್ಪಿನ ಲೆಕ್ಕ

ಚಿ. ಪುಟ್ಟುವಿಗೆ,

ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಮಾತ್ರ ಹಾಗೇ ಇದೆ.

ಹೋದ ಶನಿವಾರ ನಿನ್ನ ಮಗಳು ನಮ್ಮ ಮನೆಗೆ ಬಂದಿದ್ದಳು. ದೊಡ್ಡಮ್ಮ ಕೋಡುಬಳೆ ಕೊಟ್ಟಳು. ಮಗು ಅದನ್ನು ಚೂರು ಚೂರು ಮುರಿದು, ಹಾಲಿನಲ್ಲಿ ಅದ್ದಿ, ನೆನೆದ ಮೇಲೆ ಬಾಯಿಗೆ ಹಾಕಿಕೊಂಡಳು. "ಗಟ್ಟಿ ಕಡಿದರೆ ಹಲ್ಲಿನ ಕ್ಲಿಪ್ಪಿನ ಬ್ರಾಕೆಟ್ ಕಿತ್ತು ಬರುತ್ತೆ ತಾತ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಕೇಳಿದಳು: "ಅರ್ಧಕ್ಕೇ ತೆಗೆಸಿಬಿಟ್ಟರೆ ಉಳಿದ ದುಡ್ಡು ವಾಪಸ್ ಕೊಡ್ತಾರಾ?"

12 ವರ್ಷದ ಮಗು ಕೇಳುವ ಮಾತೇನೋ ಇದು? ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ.

ನಿನ್ನ ವಾದ ನನಗೆ ಗೊತ್ತು. ವಿಚ್ಛೇದನದ ರಾಜಿ ಪತ್ರದಲ್ಲಿ ಸ್ಕೂಲ್ ಫೀಸು, ತಿಂಗಳ ಜೀವನಾಂಶ, ವೈದ್ಯಕೀಯ ಖರ್ಚಿನಲ್ಲಿ ಅರ್ಧ, ಇಷ್ಟೇ ಇರೋದು. ಹಲ್ಲಿಗೆ ಕ್ಲಿಪ್ ಹಾಕಿಸೋದು ಅಂದಕ್ಕೆ, ಅದು ಚಿಕಿತ್ಸೆಯಲ್ಲ, ಅಂತ ತಾನೆ? ಅವಳ ಕೆಳಗಿನ ಹಲ್ಲು ಅಂಗುಳಿಗೆ ಕುಕ್ಕುತ್ತಿತ್ತು, ನೋಡಿದ್ದೀಯಾ? ಮೇಲಿನ ಹಲ್ಲು ಅಷ್ಟು ಮುಂದಿದ್ದರೆ ಸೈಕಲ್ಲಿಂದ ಬಿದ್ದಾಗ ಮೊದಲು ಮುರಿಯೋದೇ ಅದು. ವಿಮೆ ಕಂಪನಿಯವರು ಇದನ್ನು ಅಂದದ ಖರ್ಚು ಅಂತ ತಳ್ಳಿಹಾಕುವುದುಂಟು. ಅವರು ಅನ್ನಲಿ, ಅವರದು ವ್ಯಾಪಾರ. ಅಪ್ಪನಾದವನು ಅನ್ನಬಾರದು.

ಕೋರ್ಟಿನಲ್ಲಿ ಶಿರಸ್ತೇದಾರನಾಗಿ ತಲೆ ನರೆಸಿಕೊಂಡವನು ನಾನು, ಅದಕ್ಕೇ ಹೇಳುತ್ತೇನೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ತೆಗೆದು ನೋಡು. ಜೀವನಾಂಶ ಅಂದರೆ ಊಟ, ಬಟ್ಟೆ, ಮನೆ, ಓದಿನ ಜೊತೆಗೆ ಔಷಧೋಪಚಾರವೂ ಸೇರಿದೆ. ಮಕ್ಕಳನ್ನು ಸಾಕುವ ಹೊಣೆ ಅಪ್ಪ ಅಮ್ಮ ಇಬ್ಬರದೂ ಅಂತ 20ನೇ ಕಲಂ ಹೇಳುತ್ತದೆ. ವಿಚ್ಛೇದನದ ಆದೇಶ ಆಗಿಹೋಯಿತು, ಇನ್ನು ಬದಲಾಗಲ್ಲ ಅಂದುಕೊಂಡಿದ್ದರೆ ಅದೂ ತಪ್ಪು. ಮಗುವಿನ ವಿಷಯಕ್ಕೆ 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಲ್ಲಿ ಅದರ ಅಮ್ಮ ಮತ್ತೆ ಅರ್ಜಿ ಹಾಕಬಹುದು. ಒಮ್ಮೆ ಗಂಡ ಹೆಂಡತಿ ಮಗನ ಕನ್ನಡಕದ 1,800 ರೂಪಾಯಿಗೆ ನಮ್ಮ ಕೋರ್ಟಿಗೆ ಬಂದಿದ್ದರು. ಆರು ವಾಯಿದೆ ಆಯಿತು. ಅಷ್ಟರಲ್ಲಿ ಆ ಹುಡುಗನ ಕಣ್ಣಿನ ನಂಬರೇ ಬದಲಾಗಿತ್ತು.

ಮಗುವಿನ ಅಮ್ಮನದೂ ತಪ್ಪಿದೆ, ಇಲ್ಲ ಅನ್ನಲ್ಲ. ನೀನು ಒಪ್ಪುವ ಮೊದಲೇ ಶುರು ಮಾಡಿಸಿದಳು, ಮೊದಲ ಬಿಲ್ಲನ್ನು ಮಗಳ ಕೈಯಲ್ಲೇ ಕಳಿಸಿದಳು. ಅದು ನನಗೆ ಚೂರೂ ಹಿಡಿಸಲಿಲ್ಲ, ಅವಳಿಗೂ ಹೇಳಿದ್ದೇನೆ. ಆದರೆ ಎಸ್ಟಿಮೇಟಿನ ಫೋಟೋ ವಾಟ್ಸಾಪಿನಲ್ಲಿ ಬಂದು ಒಂದು ತಿಂಗಳು ನೀನು ಉತ್ತರ ಕೊಡಲಿಲ್ಲವಂತೆ. ಖರ್ಚು ಜಾಸ್ತಿ ಅನ್ನಿಸಿದ್ದರೆ ಆಗಲೇ ಹೇಳಬೇಕಿತ್ತು. ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಕಾರಿ ದಂತ ಕಾಲೇಜಿಗೆ ಕರೆದುಕೊಂಡು ಹೋಗಿ ಅಲ್ಲೂ ಒಂದು ಮಾತು ಕೇಳಬಹುದಿತ್ತು. ಈಗ ತಂತಿ ಕಟ್ಟಿಯಾಗಿದೆ. ನಡುವೆ ಡಾಕ್ಟರ್ ಬದಲಿಸೋದು ಬೇಡ.

ಲೆಕ್ಕ ಹೀಗಿದೆ. ಒಟ್ಟು 56,000. ಅವಳು ಆಗಲೇ 20,000 ಕಟ್ಟಿದ್ದಾಳೆ. ಉಳಿದದ್ದು ತಿಂಗಳಿಗೆ 2,000ದಂತೆ 18 ಕಂತು. ಅದನ್ನು ನೀನು ಕಟ್ಟು. ಸರಿಯಾಗಿ ಅರ್ಧ ಅಂದರೆ 28,000, ನಿನಗೆ 8,000 ಜಾಸ್ತಿ ಬೀಳುತ್ತದೆ, ನಿಜ. ನಿನ್ನ ಸಂಬಳ ಅವಳ ಸಂಬಳದ ಹತ್ತಿರ ಹತ್ತಿರ ಎರಡರಷ್ಟಿದೆ ಅಲ್ವಾ? ಅವಳ ಕೈಗೆ ಕೊಡಲು ಮನಸ್ಸಿಲ್ಲದಿದ್ದರೆ ನೇರವಾಗಿ ಕ್ಲಿನಿಕ್ಕಿಗೇ ಕಟ್ಟು, ರಸೀದಿ ನಿನ್ನ ಹೆಸರಿಗೇ ತಗೋ.

ಖರ್ಚು ಇಲ್ಲಿಗೇ ಮುಗಿಯಲ್ಲ. ಬ್ರಾಕೆಟ್ ಬಿದ್ದರೆ ಮತ್ತೆ ಕೂರಿಸಲು ಕೆಲವರು ಬೇರೆ ದುಡ್ಡು ಕೇಳುತ್ತಾರೆ. ಕ್ಲಿಪ್ ತೆಗೆದ ಮೇಲೆ ಹಲ್ಲನ್ನು ಹಿಡಿದಿಡುವ ರಿಟೇನರ್ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಹಲ್ಲು ಹಳೇ ಜಾಗಕ್ಕೇ ಸರಿಯುತ್ತದೆ. ರಿಟೇನರನ್ನು ಟಿಫನ್ ಡಬ್ಬಿ ಜೊತೆ ಕಳಕೊಂಡು ಬರುವ ಮಕ್ಕಳೇ ಜಾಸ್ತಿ. ಆಗ ಯಾರು ಎಷ್ಟು ಕೊಡಬೇಕು ಅನ್ನೋದನ್ನು ಈಗಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬರೆಯಲು ಬೇಕಾದರೆ ನಾನೇ ಕೂರುತ್ತೇನೆ, ಫೀಸಿಲ್ಲ.

ದುಡ್ಡಿನ ಮಾತು ಇನ್ನು ಮಗುವಿನ ಕಿವಿಗೆ ಬೀಳಬಾರದು. ಅವಳ ಮುಂದೆ "ನಿಮ್ಮಮ್ಮ ಕೇಳದೆ ಮಾಡಿಸಿದಳು" ಅಂತ ಒಂದು ಸಲವೂ ಅನ್ನಬೇಡ.

ಮುಂದಿನ ತಪಾಸಣೆ ಎರಡನೇ ಶನಿವಾರ, ಅವತ್ತು ನಿನಗೂ ರಜ. ನೀನೇ ಕರೆದುಕೊಂಡು ಹೋಗು, ಅವಳಮ್ಮನಿಗೆ ನಾನು ಹೇಳಿದ್ದೇನೆ. ತಂತಿ ಬಿಗಿ ಮಾಡಿದ ಮೇಲೆ ಒಂದೆರಡು ದಿನ ನೋವಿರುತ್ತದೆ. ರಾತ್ರಿಗೆ ಮೆತ್ತಗೆ ಮೊಸರನ್ನ ಕಲಸಿಡು.

ಈ ಕಾಗದದ ಜೊತೆ ಎರಡು ಡಬ್ಬಿ ಬರುತ್ತಿದೆ. ಕೋಡುಬಳೆ ನಿನಗೆ. ಹೆಸರಿಟ್ಟಿನ ಉಂಡೆ ಅವಳಿಗೆ, ಅದಕ್ಕೆ ನೀನು ಕೈ ಹಾಕಬೇಡ.

ಇತಿ,
ನಿನ್ನ ದೊಡ್ಡಪ್ಪ