ಜಿಂಕೆಗೆಂದು ಬಿತ್ತಿದ ಹುರುಳಿ

ಮಾನ್ಯ ಸಂಪಾದಕರೇ,

ಕಾಡಂಚಿನ ತೋಟದಲ್ಲಿ ಜಿಂಕೆಗಳಿಗಾಗಿ ಒಂದಿಷ್ಟು ಮೇವು ಬೆಳೆಸಿ, ಜಗುಲಿಯಲ್ಲಿ ಕೂತು ನೋಡುವ ಸುಖದ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ತುಂಬಾ ಖುಷಿಯಿಂದ ಬರೆದಿದ್ದಾರೆ. ಎರಡು ವರ್ಷದ ಹಿಂದೆ ನಾನೂ ಅದೇ ಖುಷಿಯಲ್ಲಿದ್ದೆ. ಆಮೇಲೆ ಏನಾಯ್ತು ಅನ್ನೋದನ್ನು ಹೇಳಬೇಕು ಅನ್ನಿಸಿತು.

ನಾನು ಬಿಎಂಟಿಸಿಯಲ್ಲಿ ಡ್ರೈವರ್ ಆಗಿದ್ದವನು. ಮೆಜೆಸ್ಟಿಕ್ಕಿನಿಂದ ಬನ್ನೇರುಘಟ್ಟಕ್ಕೆ ಹೋಗುವ 365ನೇ ನಂಬರ್ ಬಸ್ಸನ್ನು ಬಹಳ ವರ್ಷ ಓಡಿಸಿದ್ದೇನೆ. ಝೂ ಮುಂದೆ ಮಕ್ಕಳನ್ನು ಇಳಿಸೋದು, ಟೀ ಕುಡಿಯೋದು, ಬಸ್ಸು ತಿರುಗಿಸಿಕೊಂಡು ಬರೋದು. ಅಷ್ಟು ಸಲ ಹೋದರೂ ಬಿಟ್ಟ ಕಾಡಿನಲ್ಲಿ ಒಂದು ಜಿಂಕೆ ನೋಡಿದವನಲ್ಲ. ರಿಟೈರ್ ಆದ ಮೇಲೆ, ಹೆಂಡತಿಯ ಪಾಲಿಗೆ ಬಂದ ಇಪ್ಪತ್ತು ಗುಂಟೆ ಜಮೀನಿನ ಕಡೆ ಓಡಾಟ ಶುರುವಾಯಿತು. ಬನ್ನೇರುಘಟ್ಟ ದಾಟಿ ಮುಂದೆ, ಕಾಡಿನ ಮಗ್ಗುಲಲ್ಲೇ ಇದೆ.

ನಮ್ಮ ಅಳಿಯ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದ್ದು. ಅಲ್ಲಿಯವರು ಕಾಡಿನ ನಡುವೆ ಅರ್ಧ ಎಕರೆ, ಒಂದು ಎಕರೆ ಹದ ಮಾಡಿ, ಸುಣ್ಣ ಹಾಕಿ, ಕ್ಲೋವರ್, ಓಟ್ಸ್, ಟರ್ನಿಪ್ ಬಿತ್ತುತ್ತಾರೆ. ಸಂಜೆ ಬಿಳಿಬಾಲದ ಜಿಂಕೆಗಳು ಸಾಲಾಗಿ ಬರುತ್ತವೆ. ನೋಡೋಕೆ ಚೆಂದ. ಆ ವಿಡಿಯೊದವರು ಹೆಚ್ಚಿನವರು ಬೇಟೆಗಾರರು, ಮೇವು ಬಿತ್ತೋದೇ ಹೊಡೆಯೋಕೆ ಅನ್ನೋದು ನನ್ನ ತಲೆಗೆ ಹೋಗಿದ್ದು ತಡವಾಗಿ. ಅಲ್ಲಿ ಬೇಟೆಗೆ ಲೈಸೆನ್ಸ್ ಸಿಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ ಹೊಡೆದರೆ ಜೈಲು.

ಆಗಸ್ಟ್ ಕೊನೆಯ ಮಳೆಗೆ ಮೂರು ಗುಂಟೆ ಉಳುಮೆ ಮಾಡಿಸಿ ಹುರುಳಿ, ಅಲಸಂದೆ ಚೆಲ್ಲಿದೆ. ಒಂದು ಪಟ್ಟೆ ಕುದುರೆ ಮೆಂತ್ಯ. ಮೂಲೆಯಲ್ಲಿ ದನಗಳಿಗೆ ಇಡುವ ಉಪ್ಪಿನ ಗಟ್ಟಿ. ಮೂರು ವಾರಕ್ಕೆ ಚಿಗುರು ಮಾಯವಾಗೋಕೆ ಶುರು. ಕೂತು ನೋಡಿದೆ. ಕೆಲವು ಗಿಡಗಳನ್ನು ಬ್ಲೇಡಿನಲ್ಲಿ ಕೊಯ್ದ ಹಾಗೆ ಓರೆಯಾಗಿ ಕತ್ತರಿಸಿತ್ತು. ಕೆಲವು ಮಾತ್ರ ಎಳೆದು ಹರಿದ ಹಾಗೆ, ತುದಿಯಲ್ಲಿ ನಾರು ನೇತಾಡುತ್ತಿತ್ತು. ಪಕ್ಕದ ಹೊಲದ ಅಜ್ಜಿ ಬಗ್ಗಿ ನೋಡಿ, ‘ಕುಯ್ದಿರೋದು ಮೊಲ, ಕಿತ್ತಿರೋದು ಜಿಂಕೆ’ ಅಂದರು. ಜಿಂಕೆಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ ಅಲ್ವಾ, ಹಸುವಿನ ಹಾಗೆ. ಹಿಡಿದು ಜಗ್ಗಬೇಕು. ಸುತ್ತ ಕರಿ ಹಿಕ್ಕೆ, ಕಡಲೆ ಗಾತ್ರದ್ದು. ಅವತ್ತು ಸಂಜೆ ಐದು ಜಿಂಕೆ ಕಂಡವು. ಒಂದು ಗಂಡು, ಮೂರು ಹೆಣ್ಣು, ಒಂದು ಮರಿ. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ತುಂಬಿತು. ಫೋಟೊ ಎಲ್ಲರಿಗೂ ಕಳಿಸಿದೆ.

ಆದರೆ ಹುರುಳಿ ಯಾರಿಗೆ ಅಂತ ಬೋರ್ಡು ಹಾಕೋಕಾಗಲ್ಲ. ಅಕ್ಟೋಬರಿನಲ್ಲಿ ಕಾಡುಹಂದಿ ಬಂತು. ನನ್ನ ಮೂರು ಗುಂಟೆಯನ್ನು ಒಂದೇ ರಾತ್ರಿ ಟಿಲ್ಲರ್ ಹೊಡೆದ ಹಾಗೆ ಮಾಡಿ, ಅಜ್ಜಿಯ ರಾಗಿ ಹೊಲಕ್ಕೆ ನುಗ್ಗಿತು. ಜಿಂಕೆಗಳೂ ನನ್ನ ಬದು ದಾಟೋದು ಕಲಿತವು. ರಾಗಿಯ ನಡುವೆ ಅಜ್ಜಿ ಹಾಕಿದ್ದ ಅಕ್ಕಡಿ ಸಾಲಿನ ಅವರೆ ಆಗ ತಾನೇ ಹೂ ಬಿಡುತ್ತಿತ್ತು. ಒಂದು ಬಳ್ಳಿಗೂ ಕುಡಿ ಉಳಿಯಲಿಲ್ಲ. ‘ಏನ್ ಡ್ರೈವರಪ್ಪ, ನೀವು ಬಡಿಸಿದ್ದು ಸಾಲ್ಲಿಲ್ಲ ಅಂತ ನಿಮ್ ನೆಂಟ್ರು ನಮ್ಮನೆಗೂ ಉಣ್ಣಾಕೆ ಬಂದವ್ರೆ’ ಅಂದರು. ಬೈದಿದ್ದರೆ ಚೆನ್ನಾಗಿತ್ತು. ನಗುತ್ತಾ ಅಂದರು.

ನವೆಂಬರ್ ಕೊನೆಗೆ ಆನೆ ಬಂತು. ರಾಗಿ ತೆನೆ ಬಲಿಯುವ ಹೊತ್ತಿಗೆ ಆ ಭಾಗಕ್ಕೆ ಆನೆ ಹೇಗೂ ಬರುತ್ತದೆ, ಅದು ನನ್ನಿಂದ ಅಲ್ಲ. ಆದರೆ ಉಪ್ಪಿನ ಗಟ್ಟಿ ಇಟ್ಟವನು ನಾನೇ. ಅದಿದ್ದ ಜಾಗವನ್ನು ಮೊಣಕಾಲುದ್ದ ಬಗೆದು, ಡ್ರಿಪ್ ಪೈಪು ಕಿತ್ತು, ಅಜ್ಜಿ ಮೆದೆ ಹಾಕಿದ್ದ ರಾಗಿಯಲ್ಲಿ ಅರ್ಧ ತಿಂದು ಹೋಗಿತ್ತು. ಅರ್ಜಿ ಕೊಟ್ಟರೆ ಬೆಳೆ ಪರಿಹಾರ ಇದೆ. ಅಜ್ಜಿಗೆ ಬರಬೇಕಾಗಿದ್ದು ದುಡ್ಡಲ್ಲ, ವರ್ಷದ ಮುದ್ದೆ.

ಮರಿ ಜಿಂಕೆಯ ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆದುಬಿಡುತ್ತೇನೆ. ಅದನ್ನು ಚಿರತೆ ತಿನ್ನಲಿಲ್ಲ. ಊರ ನಾಯಿಗಳು ಅಟ್ಟಿಸಿಕೊಂಡು ಹೋಗಿ ಬೇಲಿಯ ಮುಳ್ಳುತಂತಿಗೆ ಸಿಕ್ಕಿಸಿದವು. ನಾನು ಹೋಗುವಷ್ಟರಲ್ಲಿ ಕಣ್ಣು ಬಿಟ್ಟುಕೊಂಡೇ ಸತ್ತಿತ್ತು. ಬಾಯಲ್ಲಿ ಹುರುಳಿ ಸೊಪ್ಪು.

ಬನ್ನೇರುಘಟ್ಟ ಕಾಡಿನ ನಕ್ಷೆ ನೋಡಿದ್ದೀರಾ? 1974ರಿಂದ ರಾಷ್ಟ್ರೀಯ ಉದ್ಯಾನ. ಉದ್ದಕ್ಕೆ, ಸಣ್ಣಕ್ಕೆ, ಹರಿದ ಟವೆಲ್ಲಿನ ಹಾಗಿದೆ. ಎಲ್ಲಿ ನಿಂತರೂ ಅಂಚು ದೂರವಿಲ್ಲ. ಅಂಚಿನ ಹೊಲಗಳಲ್ಲಿ ಹಂದಿಗೆ ಅಂತ ಉರುಳು ಕಟ್ಟುವವರಿದ್ದಾರೆ, ಬೇಲಿಗೆ ಕಳ್ಳ ಕರೆಂಟು ಕೊಡುವವರೂ ಇದ್ದಾರೆ. ಜಿಂಕೆಯನ್ನು ಒಳಗಿಂದ ಹೊರಗೆ ಕರೆದರೆ ಅದು ಬರೋದು ಅಲ್ಲಿಗೆ. ಅದರ ಹಿಂದೆ ಚಿರತೆಯೂ ಬರಬಹುದು. 2023ರ ನವೆಂಬರಿನಲ್ಲಿ ಕೂಡ್ಲು ಹತ್ತಿರ ಊರೊಳಗೆ ಬಂದ ಒಂದು ಚಿರತೆಯ ಕಥೆ ಗುಂಡೇಟಿನಲ್ಲಿ ಮುಗಿದಿದ್ದು ನಮ್ಮ ಹುಳಿಮಾವಿನವರಿಗೆ ಇನ್ನೂ ನೆನಪಿದೆ. ಇನ್ನು ದನ ಮೇಯುವಲ್ಲೇ ಜಿಂಕೆಯೂ ಮೇಯ್ದರೆ ಕಾಲುಬಾಯಿ ಜ್ವರ ಆಚೀಚೆ ಹೋಗುತ್ತದೆ ಅಂತ ಪಶು ಆಸ್ಪತ್ರೆಯ ಡಾಕ್ಟರು ಹೇಳಿದರು.

ಈಗ ಆ ಕಡೆ ಫಾರಂ ಪ್ಲಾಟ್ ಮಾರುವವರು ಬೋರ್ಡು ಹಾಕಿದ್ದಾರೆ: ‘ನಿಮ್ಮ ಅಂಗಳಕ್ಕೇ ಜಿಂಕೆ’. ಹೆಸರು ಬೇಡ, ಒಬ್ಬರಲ್ಲ. ಒಬ್ಬ ಏಜೆಂಟ್ ನನ್ನನ್ನೇ ಕೇಳಿದ, ‘ಸಾರ್, ಯಾವ ಬೀಜ ಹಾಕಿದ್ರಿ?’ ಅಂತ. ಪಂಚಾಯಿತಿಯವರು, ಅರಣ್ಯ ಇಲಾಖೆಯವರು ಆ ಬೋರ್ಡುಗಳನ್ನು ಒಮ್ಮೆ ನಿಂತು ಓದಬೇಕು. ಜಿಂಕೆಗೆ ಮೇವು ಬೇಕು ನಿಜ. ಅದು ಕಾಡೊಳಗೇ ಇರಬೇಕು. ಬ್ರಿಟಿಷರು ಚೆಂದಕ್ಕೆ ಅಂತ ತಂದ ಲಂಟಾನ ಪೊದೆ ಅಲ್ಲಿನ ಹುಲ್ಲನ್ನೆಲ್ಲ ನುಂಗಿ ಕೂತಿದೆ. ಅದನ್ನು ಬುಡಸಮೇತ ಕಿತ್ತು, ಮತ್ತೆ ಬರದ ಹಾಗೆ ನೋಡಿಕೊಂಡರೆ ಎಷ್ಟೋ ಕಡೆ ಹುಲ್ಲು ತಾನಾಗಿ ಬರುತ್ತದೆ. ಪ್ಲಾಟ್ ಕೊಂಡವರಿಗೆ ಅಷ್ಟು ಪ್ರೀತಿ ಇದ್ದರೆ ಇಲಾಖೆಯವರನ್ನು ಕೇಳಿಕೊಂಡು ಆ ಕೆಲಸದ ಕೂಲಿ ಕೊಡಲಿ. ಫೋಟೊ ಬರಲ್ಲ, ಅಷ್ಟೇ.

ನನ್ನ ಮೂರು ಗುಂಟೆಗೆ ಈಗ ರಾಗಿ ಹಾಕುತ್ತಿದ್ದೇನೆ. ಅಜ್ಜಿಯ ಅಟ್ಟಣೆಯಲ್ಲಿ ರಾತ್ರಿ ಕಾವಲಿಗೆ ವಾರಕ್ಕೆರಡು ದಿನ ನನ್ನ ಪಾಳಿ. ಪ್ರಾಣಿಗಳಿಗೆ ಉಣಿಸುವ ಚಟ ಮಾತ್ರ ಪೂರ್ತಿ ಬಿಟ್ಟಿಲ್ಲ. ಹುಳಿಮಾವಿನ ಮನೆಯ ತಾರಸಿಯಲ್ಲಿ ಪೇಂಟ್ ಬಕೆಟ್ಟಿನಲ್ಲಿ ಕರಿಬೇವು, ನಿಂಬೆ ಇದೆ. ಚಿಟ್ಟೆ ಬಂದು ಮೊಟ್ಟೆ ಇಡುತ್ತದೆ. ಹುಳು ಮೊದಲು ಹಕ್ಕಿ ಹಿಕ್ಕೆಯ ಹಾಗೆ ಇರುತ್ತದೆ, ಆಮೇಲೆ ಎಲೆ ಹಸಿರು. ಮುಟ್ಟಿದರೆ ಸಿಟ್ಟಾಗಿ ತಲೆಯ ಹಿಂದಿನಿಂದ ಕೊಂಬು ಚಾಚುತ್ತದೆ. ಮೊಮ್ಮಗಳಿಗೆ ಜಿಂಕೆಗಿಂತ ಇದೇ ಇಷ್ಟ. ಒಗ್ಗರಣೆಗೆ ಕರಿಬೇವು ಮಾತ್ರ ಅಂಗಡಿಯಿಂದ ತರುತ್ತಿದ್ದೇವೆ.

— ನಿವೃತ್ತ ಬಸ್ ಚಾಲಕ, ಹುಳಿಮಾವು, ಬೆಂಗಳೂರು