ಆಲ್ಟ್‌ಗೆಲ್ಡ್ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಬಗ್ಗೆ ಪ್ರಬಂಧ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. 1847ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು, ಷಿಕಾಗೋದಲ್ಲಿ ವಕೀಲನಾಗಿ ಆಮೇಲೆ ಜಡ್ಜ್ ಆಗಿದ್ದು, 1892ರಲ್ಲಿ ಇಲಿನಾಯ್ ರಾಜ್ಯದ ಗವರ್ನರ್ ಚುನಾವಣೆ ಗೆದ್ದದ್ದು, ಇಷ್ಟನ್ನು ಎರಡು ಸಾಲಲ್ಲಿ ಮುಗಿಸು. ನೇರವಾಗಿ 1893ರ ಜೂನ್ 26ಕ್ಕೆ ಹೋಗು, ಹೇಮಾರ್ಕೆಟ್ ಪ್ರಕರಣದ ಮೂವರು ಕೈದಿಗಳಿಗೆ ಆತ ಕ್ಷಮಾದಾನ ಕೊಟ್ಟ ದಿನ ಅದು.

ಷಿಕಾಗೋದ ಹೇಮಾರ್ಕೆಟ್ ಚೌಕದ ಕಾರ್ಮಿಕರ ಸಭೆಯಲ್ಲಿ ಪೊಲೀಸರ ಮೇಲೆ ಎಸೆದ ಬಾಂಬ್ ಸಿಡಿದದ್ದು 1886ರ ಮೇ 4ಕ್ಕೆ. ಎಸೆದವನು ಯಾರೆಂದು ಪತ್ತೆಯಾಗಲೇ ಇಲ್ಲ, ಆದರೂ ಕಾರ್ಮಿಕ ಚಳವಳಿಯ ಎಂಟು ಜನಕ್ಕೆ ಶಿಕ್ಷೆಯಾಯಿತು. ನಾಲ್ವರನ್ನು ಗಲ್ಲಿಗೇರಿಸಿದರು, ಒಬ್ಬ ಜೈಲಲ್ಲೇ ಸತ್ತ. ಉಳಿದವರು ಫೀಲ್ಡನ್, ಶ್ವಾಬ್, ನೀಬೆ. ಇವರನ್ನು ಬಿಡಿ ಎಂದು 60,000ಕ್ಕೂ ಹೆಚ್ಚು ಸಹಿ ಬಂದಿತ್ತು, ಊರಿನ ದೊಡ್ಡ ಮನುಷ್ಯರೂ ಅದರಲ್ಲಿದ್ದರು. ಸಾಕಷ್ಟು ವರ್ಷ ಜೈಲಲ್ಲಿ ಕಳೆದಾಯ್ತು, ಕನಿಕರದಿಂದ ಬಿಡುತ್ತೇನೆ ಅಂತ ಬರೆದು ಸಹಿ ಹಾಕಿದ್ದರೆ ಗಲಾಟೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಆಲ್ಟ್‌ಗೆಲ್ಡ್ ಹಾಗೆ ಮಾಡಲಿಲ್ಲ. ವಿಚಾರಣೆಯೇ ತಪ್ಪು ಅಂತ ಉದ್ದುದ್ದ ಬರೆದು ಕಾರಣ ಕೊಟ್ಟ. ನನ್ನ ಪ್ರಕಾರ ಆತನ ರಾಜಕೀಯಕ್ಕೆ ಪೆಟ್ಟು ಕೊಟ್ಟದ್ದು ಬಿಡುಗಡೆಗಿಂತ ಆ ಕಾರಣಗಳು.

ಆ ಬರಹದಲ್ಲಿ ಜೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಆಯ್ಕೆಯ ಭಾಗವನ್ನು ನಿಧಾನವಾಗಿ ಓದು. ಚೀಟಿ ಎತ್ತಿ ಹೆಸರು ತೆಗೆಯುವ ಬದಲು, ಕೋರ್ಟ್ ನೇಮಿಸಿದ ವಿಶೇಷ ಬೇಲಿಫ್ (ಕೋರ್ಟಿನ ಅಧಿಕಾರಿ) ತನಗೆ ಬೇಕಾದವರನ್ನು ಕರೆತಂದ. ಒಟ್ಟು 981 ಜನರನ್ನು ಪ್ರಶ್ನಿಸಿದರು. ಕಾರಣ ಹೇಳದೆ ಬೇಡ ಅನ್ನುವ ಹಕ್ಕು ಪ್ರತಿ ಆರೋಪಿಗೆ 20 ಸಲ, ಎಂಟು ಜನಕ್ಕೆ 160. ‘ಇವರೇ ತಪ್ಪಿತಸ್ಥರು ಅಂತ ನನ್ನ ಅಭಿಪ್ರಾಯ’ ಎಂದು ಒಪ್ಪಿಕೊಂಡವರನ್ನೂ ವಿಚಾರಣೆ ನಡೆಸಿದ ಜಡ್ಜ್ ಗೇರಿ ‘ಸಾಕ್ಷ್ಯ ನೋಡಿ ನ್ಯಾಯ ಹೇಳ್ತೀರಲ್ಲ?’ ಎನ್ನುವ ಧಾಟಿಯಲ್ಲಿ ಕೇಳಿ ಅರ್ಹರೆಂದು ಉಳಿಸಿಕೊಂಡ. ಅಂಥವರನ್ನು ತಳ್ಳಿಹಾಕುವುದರಲ್ಲೇ 160ರ ಲೆಕ್ಕ ಮುಗಿದುಹೋಯಿತು. ಆಮೇಲೆ ಬಂದವರನ್ನು ತಡೆಯಲು ಆರೋಪಿಗಳ ಕೈಯಲ್ಲಿ ಏನೂ ಉಳಿದಿರಲಿಲ್ಲ. ನೀಬೆಯ ವಿಷಯ ಇನ್ನೂ ವಿಚಿತ್ರ: ಕಾರ್ಮಿಕರ ಜರ್ಮನ್ ಪತ್ರಿಕೆಯಲ್ಲಿ ಆತನಿಗಿದ್ದ 2 ಡಾಲರ್ ಪಾಲೂ ಸಾಕ್ಷ್ಯವಾಗಿ ಬಂದಿತ್ತು.

ಜಡ್ಜ್ ಪಕ್ಷಪಾತಿ ಅಂತಲೂ ಆಲ್ಟ್‌ಗೆಲ್ಡ್ ಬರೆದನಲ್ಲ, ಪತ್ರಿಕೆಗಳು ಆತನ ಮೇಲೆ ಮುಗಿಬಿದ್ದವು.

1894ರ ಪುಲ್‌ಮನ್ ಮುಷ್ಕರವನ್ನು (ರೈಲ್ವೆ ಕಾರ್ಮಿಕರ ಮುಷ್ಕರ) ಇದರ ಪಕ್ಕದಲ್ಲೇ ಇಡು. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ರಾಜ್ಯವನ್ನು ಕೇಳದೆ ಷಿಕಾಗೋಗೆ ಸೈನ್ಯ ಕಳಿಸಿದ. ರಾಜ್ಯದ ಮಿಲಿಷಿಯಾ (ರಾಜ್ಯದ್ದೇ ಪಡೆ) ಸಿದ್ಧವಿದೆ, ನಿಮ್ಮ ಸೈನ್ಯವನ್ನು ನಾನು ಕರೆದೇ ಇಲ್ಲ ಅಂತ ಆಲ್ಟ್‌ಗೆಲ್ಡ್ ತಂತಿ ಕಳಿಸಿದ. ಕ್ಲೀವ್‌ಲ್ಯಾಂಡ್ ಕೊಟ್ಟ ಕಾರಣ ಅಂಚೆ ಮತ್ತು ಅಂತರರಾಜ್ಯ ವ್ಯಾಪಾರ. ಇಬ್ಬರೂ ಒಂದೇ ಪಕ್ಷದವರು, ಡೆಮಾಕ್ರಾಟರು. ಇದನ್ನು ಬರೆಯಲು ಮರೆಯಬೇಡ, ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಹೆಂಗಸರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ ಎಂಬ, ಆಲ್ಟ್‌ಗೆಲ್ಡ್ ಕಾಲದ 1893ರ ಕಾನೂನಿನ ಕಲಮನ್ನು ರಾಜ್ಯದ ಸುಪ್ರೀಂ ಕೋರ್ಟ್ 1895ರಲ್ಲಿ ರದ್ದು ಮಾಡಿತು ಎಂಬುದೂ ಒಂದು ಸಾಲಿರಲಿ.

1896ರಲ್ಲಿ ಪಕ್ಷದ ಸಮಾವೇಶದಲ್ಲಿ ಕ್ಲೀವ್‌ಲ್ಯಾಂಡ್ ಬಣವನ್ನು ಸೋಲಿಸಿದವರ ಮುಂಚೂಣಿಯಲ್ಲಿ ಆಲ್ಟ್‌ಗೆಲ್ಡ್ ಇದ್ದ. ಹೊರದೇಶದಲ್ಲಿ ಹುಟ್ಟಿದ್ದರಿಂದ ತಾನು ಅಧ್ಯಕ್ಷನಾಗುವ ಹಾಗಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಗವರ್ನರ್ ಗಾದಿಯನ್ನೂ ರಿಪಬ್ಲಿಕನ್ ಪಕ್ಷದ ಟ್ಯಾನರ್‌ಗೆ ಸೋತ. 1899ರಲ್ಲಿ ಷಿಕಾಗೋ ಮೇಯರ್ ಸ್ಥಾನಕ್ಕೆ ನಿಂತು ಅದರಲ್ಲೂ ಸೋತ. ತೀರಿಕೊಂಡದ್ದು 1902ರಲ್ಲಿ.

ಕರಡು ಕಳಿಸು, ಜೂರಿ ಭಾಗವನ್ನು ಮೊದಲು.

ನಿನ್ನ
ಅಪ್ಪ